ಪಕ್ಕದ ಮನೆಯ ವೈಫೈ ಯಾರದು?

ಶಿರಸಿ ಪೇಟೆಯ ಮರಾಠಿಕೊಪ್ಪದಲ್ಲೋ ಕಸ್ತೂರಬಾ ನಗರದಲ್ಲೋ ರಸ್ತೆ ಬದಿಗೆ ನಿಂತು ಮೊಬೈಲಿನಲ್ಲಿ ವೈಫೈ ಪಟ್ಟಿ ತೆರೆದರೆ ಹತ್ತಾರು ಹೆಸರು ಸಾಲಾಗಿ ಬಂದು ನಿಲ್ಲುತ್ತವೆ. ಮನೆತನದ ಹೆಸರು, ಮೊಮ್ಮಗುವಿನ ಹೆಸರು, ರೌಟರ್ ಕಂಪನಿಯೇ ಇಟ್ಟ ಅಂಕಿ-ಅಕ್ಷರದ ಹೆಸರು. ಅದೇ ಮೊಬೈಲು ಹಿಡಿದು ಸಿದ್ದಾಪುರದ ನಿಲ್ಕುಂದದ ಕಡೆಗೋ ಯಲ್ಲಾಪುರದ ಕಳಚೆ, ಬೀಗಾರದ ಕಡೆಗೋ ಇಳಿದರೆ ಪಟ್ಟಿ ಬರಿದಾಗುತ್ತ ಹೋಗುತ್ತದೆ, ಸಿಗ್ನಲ್ಲಿನ ಕಡ್ಡಿಗಳೂ ಒಂದೊಂದಾಗಿ ಮಾಯವಾಗುತ್ತವೆ. ಕೇರಿಯಲ್ಲಿ ಫೈಬರ್ ಹಾಕಿಸಿಕೊಂಡ ಮನೆಯೊಂದಿದ್ದರೆ ಅದರ ಜಗುಲಿಯೇ ಆ ಕೇರಿಯ ಟವರು. ಮಳೆಗಾಲದಲ್ಲಿ ಕರೆಂಟು ಹೋಗಿ, ಅದರ ಹಿಂದೆಯೇ ದೂರದ ಟವರಿನ ಬ್ಯಾಟರಿಯೂ ಮುಗಿದ ದಿನ ಇನ್ವರ್ಟರ್ ಇರುವ ಆ ಮನೆಯ ಕಡೆಗೆ ಇಡೀ ಕೇರಿಯೇ ನೋಡುತ್ತದೆ. ಉಳಿದ ಮನೆಗಳಲ್ಲಿ ಅವತ್ತು ಕೇಳುವ ಮಾತು ಒಂದೇ: 'ನೆಟ್ ಬತ್ತಿಲ್ಲೆ.'

ಪೇಟೆಯಲ್ಲೂ ಹಳ್ಳಿಯಲ್ಲೂ ಏಳುವ ಪ್ರಶ್ನೆ ಒಂದೇ. ಪಕ್ಕದ ಮನೆಯ ವೈಫೈಗೆ ಪಾಸ್‌ವರ್ಡ್ ಇಲ್ಲ, ಇದ್ದರೂ ಊರಿಗೆಲ್ಲ ಗೊತ್ತಿರುವಂಥದ್ದು. ಹೇಳದೆ ಕೇಳದೆ ಬಳಸಿದರೆ ಅಪರಾಧವೇ? ಅಪರಾಧವಲ್ಲದಿದ್ದರೂ ತಪ್ಪೇ? ಪೇಟೆಯಲ್ಲಿ ಇದು ತಿಂಗಳಿಗೆ ನಾಲ್ಕೈದು ನೂರು ರೂಪಾಯಿ ಉಳಿಸುವ ವಿಚಾರ. ಘಟ್ಟದಂಚಿನ ಊರಲ್ಲಿ ಮಗಳ ಪರೀಕ್ಷೆಯ ಅರ್ಜಿ, ಬೆಳೆ ವಿಮೆಯ ವಿವರ, ಆಂಬುಲೆನ್ಸಿಗೆ ಮಾಡಬೇಕಾದ ಕರೆ ಎಲ್ಲವೂ ಇದಕ್ಕೇ ಅಂಟಿಕೊಂಡಿವೆ. ಕೆಲವು ಕಂಪನಿಗಳು 2019ರ ಕೊನೆಯಿಂದ ವೈಫೈ ಮೂಲಕ ಮಾಮೂಲಿ ಕರೆ ಮಾಡುವ ಸೌಲಭ್ಯ ಕೊಟ್ಟ ಮೇಲಂತೂ ಸಿಗ್ನಲ್ ಇಲ್ಲದ ಮನೆಗಳಿಗೆ ವೈಫೈ ಎಂದರೆ ಫೋನೇ ಆಗಿಬಿಟ್ಟಿದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 'ಸಿಗ್ನಲ್ ನಮ್ಮ ಅಂಗಳಕ್ಕೆ ತಾನಾಗಿ ಬಂದಿದೆ, ನಾವೇನು ಅವರ ಮನೆಗೆ ನುಗ್ಗಿದೆವಾ' ಎನ್ನುವವರು ಬಹಳ ಮಂದಿ. ಈ ಮಾತಿನ ಅರ್ಧ ಭಾಗ ಸರಿ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಾಂತರವನ್ನು ಕೇಂದ್ರ ಸರಕಾರ 2005ರ ಜನವರಿಯಲ್ಲೇ ಲೈಸೆನ್ಸಿನಿಂದ ಮುಕ್ತಗೊಳಿಸಿದೆ. ಆ ಅಲೆಗೆ ಒಡೆಯರಿಲ್ಲ, ಯಾರ ಅಂಗಳಕ್ಕೆ ಬೇಕಾದರೂ ಬೀಳಬಹುದು. ಆದರೆ ಅಲೆಯ ಆಚೆ ತುದಿಯಲ್ಲಿರುವ ರೌಟರು, ಅದರ ಹಿಂದಿನ ಫೈಬರು, ಆ ಫೈಬರಿಗೆ ತಿಂಗಳು ತಿಂಗಳು ಬರುವ ಬಿಲ್ಲು ಒಬ್ಬರ ಹೆಸರಿನಲ್ಲಿವೆ. ಕಾನೂನು ಹಿಡಿದುಕೊಂಡಿರುವುದು ಈ ತುದಿಯನ್ನು.

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಸೆಕ್ಷನ್ ಇಲ್ಲಿ ಮುಖ್ಯ. ಕಂಪ್ಯೂಟರ್, ಕಂಪ್ಯೂಟರ್ ವ್ಯವಸ್ಥೆ ಅಥವಾ ಜಾಲವನ್ನು ಅದರ ಮಾಲೀಕರ ಇಲ್ಲವೇ ಉಸ್ತುವಾರಿ ಹೊತ್ತವರ ಅನುಮತಿಯಿಲ್ಲದೆ ಪ್ರವೇಶಿಸಿದವರು ನಷ್ಟ ತುಂಬಿಕೊಡಬೇಕು ಎನ್ನುತ್ತದೆ ಅದು. 2008ರ ತಿದ್ದುಪಡಿಯಲ್ಲಿ ಜಾಲದ ವ್ಯಾಖ್ಯೆಯೊಳಗೆ ನಿಸ್ತಂತು ಸಂಪರ್ಕವೂ ಮೊಬೈಲಿನಂಥ ಸಂವಹನ ಸಾಧನಗಳೂ ಸ್ಪಷ್ಟವಾಗಿಯೇ ಸೇರಿಕೊಂಡವು. ಗಮನಿಸಬೇಕಾದ ಸಂಗತಿ: ಪ್ರವೇಶದ ಈ ಉಪವಿಧಿಯಲ್ಲಿ ಪಾಸ್‌ವರ್ಡಿನ ಮಾತೇ ಇಲ್ಲ. ಬಾಗಿಲಿಗೆ ಬೀಗ ಇತ್ತೇ ಎಂದು ಅದು ಕೇಳುವುದಿಲ್ಲ, ಅನುಮತಿ ಇತ್ತೇ ಎಂದಷ್ಟೇ ಕೇಳುತ್ತದೆ.

ಇದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಬರುತ್ತದೆ: 3 ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾಮೀನು ಸಿಗುವ ಅಪರಾಧ. ತನಿಖೆ ಮಾಡುವವರು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಾಗಿರಬಾರದು. 2024ರ ಜೂನ್ 26ರಂದು ಜಾರಿಗೆ ಬಂದ ದೂರಸಂಪರ್ಕ ಕಾಯ್ದೆಯ 42ನೇ ಸೆಕ್ಷನ್ ಇನ್ನೂ ಬಿರುಸಿನದು. ದೂರಸಂಪರ್ಕ ಜಾಲಕ್ಕೆ ಅನಧಿಕೃತವಾಗಿ ಪ್ರವೇಶಿಸಿದವರಿಗೆ 3 ವರ್ಷದವರೆಗೆ ಸೆರೆ, ಅಥವಾ 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದು ದೊಡ್ಡ ಜಾಲಗಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದು. ಅದನ್ನು ತಂದು ಮನೆಯ ರೌಟರಿನ ಮೇಲೆ ಹೇರುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಇದು ಕಳ್ಳತನವೇ? ದಂಡಸಂಹಿತೆಯ ಅರ್ಥದಲ್ಲಿ ಹಾಗೆನ್ನುವುದು ಕಷ್ಟ. ಕಳ್ಳತನಕ್ಕೆ ಎತ್ತಿಕೊಂಡು ಹೋಗಬಹುದಾದ ವಸ್ತು ಬೇಕು. ವಿದ್ಯುತ್ತಿನ ವಿಷಯದಲ್ಲೂ ಈ ತೊಡಕು ಬಂದಿತ್ತು. 1964ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿದ್ಯುತ್ತನ್ನು ಕದ್ದು ಎಳೆದುಕೊಳ್ಳುವುದು ಅಪರಾಧವಾಗುವುದು ವಿದ್ಯುತ್ ಕಾಯ್ದೆಯಿಂದಲೇ ಹೊರತು ದಂಡಸಂಹಿತೆಯ ಕಳ್ಳತನದ ಸೆಕ್ಷನ್ನಿನಿಂದಲ್ಲ ಎಂದಿತು. ಇಂಟರ್ನೆಟ್ಟಿಗೂ ಹಾಗೆಯೇ ಬೇರೆ ಕಾಯ್ದೆ ಬೇಕಾಯಿತು. ಆ ಕಾಯ್ದೆಯಲ್ಲಿ ಇದರ ಹೆಸರು ಅನುಮತಿಯಿಲ್ಲದ ಪ್ರವೇಶ.

ಸೆಕ್ಷನ್ನುಗಳು ಹೀಗಿದ್ದರೂ ಜಗುಲಿಯ ಜಗಳ ಅಲ್ಲಿಯವರೆಗೆ ಹೋಗುವುದು ಅಪರೂಪ. ಪರಿಹಾರ ಕೇಳುವವರು ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿಯವರ ಮುಂದೆ ಅರ್ಜಿ ಹಾಕಬೇಕು. ಆ ಅಧಿಕಾರ ಅವರಿಗಿದೆ. ಹೆಗ್ಗರಣಿಯ ಒಬ್ಬ ಅಡಿಕೆ ಬೆಳೆಗಾರ ನಾಲ್ಕು ಜಿಬಿ ಡೇಟಾಕ್ಕಾಗಿ ಬೆಂಗಳೂರಿಗೆ ಓಡಾಡುತ್ತಾನೆಯೇ? ಇಲ್ಲ. ಆದ್ದರಿಂದ ಈ ಕಾನೂನು ನಮ್ಮ ಊರುಗಳಲ್ಲಿ ಕೆಲಸ ಮಾಡುವುದು ಬೇರೆ ದಾರಿಯಲ್ಲಿ. ಬಳಸಿದವನನ್ನು ಹುಡುಕಿಕೊಂಡು ಬರುವುದಕ್ಕಿಂತ ಮೊದಲು ಅದು ಬಳಸಲು ಬಿಟ್ಟವನ ಮನೆಯ ಬಾಗಿಲು ತಟ್ಟುತ್ತದೆ. ಈ ಭಾಗ ಜನರಿಗೆ ಸರಿಯಾಗಿ ಗೊತ್ತಿಲ್ಲ, ಗೊತ್ತಾಗಬೇಕು.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟ ನಡೆಯುವ ಕೆಲವೇ ನಿಮಿಷ ಮೊದಲು ಟಿವಿ ವಾಹಿನಿಗಳಿಗೆ ಒಂದು ಇ-ಮೇಲ್ ಬಂತು. ಅದರ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈಯಲ್ಲಿ ಬಾಡಿಗೆಗಿದ್ದ ಒಬ್ಬ ಅಮೆರಿಕನ್ ಪ್ರಜೆಯ ಫ್ಲ್ಯಾಟಿಗೆ. ಅವರ ವೈಫೈಗೆ ಭದ್ರತೆ ಇರಲಿಲ್ಲ; ಯಾರೋ ಹತ್ತಿರದಲ್ಲಿ ಕೂತು ಅದರ ಮೂಲಕ ಕಳಿಸಿದ್ದರು. ಅವರಿಗೂ ಸ್ಫೋಟಕ್ಕೂ ಸಂಬಂಧವಿಲ್ಲ ಎಂದು ತೀರ್ಮಾನವಾಗುವ ಹೊತ್ತಿಗೆ ಕಂಪ್ಯೂಟರುಗಳು ಪೊಲೀಸರ ವಶವಾಗಿದ್ದವು, ಹೆಸರು ದೇಶದ ಎಲ್ಲ ಪತ್ರಿಕೆಗಳಲ್ಲಿ ಬಂದಾಗಿತ್ತು. ಮುಂದಿನ ಎರಡು ತಿಂಗಳಲ್ಲಿ ಮುಂಬೈಯ ಮಾಟುಂಗಾದ ಕಾಲೇಜೊಂದರ ಮತ್ತು ಚೆಂಬೂರಿನ ಸಂಸ್ಥೆಯೊಂದರ ವೈಫೈ ಕೂಡ ಹೀಗೇ ಬಳಕೆಯಾದವು. ಇದಾದ ಮೇಲೆ 2009ರ ಫೆಬ್ರವರಿ 23ರಂದು ದೂರಸಂಪರ್ಕ ಇಲಾಖೆ ಇಂಟರ್ನೆಟ್ ಕಂಪನಿಗಳಿಗೆ ನಿರ್ದೇಶನ ಕೊಟ್ಟಿತು: ಗ್ರಾಹಕರ ವೈಫೈ ತೆರೆದೇ ಇರಬಾರದು, ಬಳಸುವವರ ಗುರುತು ಸಿಗುವಂತಿರಬೇಕು. ಇಂದು ಹೊಸ ರೌಟರುಗಳು ತಳದಲ್ಲಿ ಪಾಸ್‌ವರ್ಡಿನ ಚೀಟಿ ಅಂಟಿಸಿಕೊಂಡೇ ಮನೆಗೆ ಬರುತ್ತವೆ.

ಬಾಗಿಲು ತಟ್ಟುವುದು ಮಾಲೀಕನದೇ ಏಕೆಂದರೆ, ರೌಟರಿಗೆ ಸೇರಿಕೊಂಡ ಮೊಬೈಲು, ಲ್ಯಾಪ್‌ಟಾಪು, ಟಿವಿ ಎಲ್ಲವೂ ಹೊರಜಗತ್ತಿಗೆ ಒಂದೇ ಐಪಿ ವಿಳಾಸದಲ್ಲಿ ಕಾಣುತ್ತವೆ. ಜಗುಲಿಯಲ್ಲಿ ಕೂತ ಹುಡುಗ ಹಾಕಿದ ಬೆದರಿಕೆಯ ಕಾಮೆಂಟೂ, ಒಳಮನೆಯಲ್ಲಿ ಅಜ್ಜಿ ನೋಡಿದ ತಾಳಮದ್ದಳೆಯೂ ಕಂಪನಿಯ ದಾಖಲೆಯಲ್ಲಿ ಒಂದೇ ಗ್ರಾಹಕರ ಖಾತೆ. ಐಪಿ ವಿಳಾಸವೊಂದನ್ನೇ ನೆಚ್ಚಿದರೆ ಏನಾಗಬಹುದು ಎಂಬುದಕ್ಕೆ ಕರ್ನಾಟಕದ್ದೇ ಕಹಿ ಉದಾಹರಣೆ ಇದೆ. 2007ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಪುಣೆಯ ಪೊಲೀಸರು ಬಂಧಿಸಿದರು. ಆರ್ಕುಟ್ ತಾಣದಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದ ಐಪಿ ವಿಳಾಸ ಅವರದು ಎಂದು ಇಂಟರ್ನೆಟ್ ಕಂಪನಿ ಕೊಟ್ಟ ಮಾಹಿತಿ ಅದಕ್ಕೆ ಆಧಾರ. ಮಾಹಿತಿಯೇ ತಪ್ಪಾಗಿತ್ತು. ಅದು ಹೊರಬೀಳುವ ಹೊತ್ತಿಗೆ ಅವರು ಯೆರವಡಾ ಜೈಲಿನಲ್ಲಿ ಸುಮಾರು 50 ದಿನ ಕಳೆದಿದ್ದರು. ಅಲ್ಲಿ ನಡೆದದ್ದು ವೈಫೈ ದುರ್ಬಳಕೆಯಲ್ಲ, ಕಂಪನಿಯ ಎಡವಟ್ಟು. ಆದರೆ ನಿರಪರಾಧಿಯೊಬ್ಬ 'ನಾನಲ್ಲ' ಎಂದು ಸಾಬೀತು ಮಾಡಲು ಎಷ್ಟು ಒದ್ದಾಡಬೇಕಾಗುತ್ತದೆ ಎಂಬುದು ಅದರಿಂದ ಗೊತ್ತಾಗುತ್ತದೆ. ಪಕ್ಕದ ಮನೆಯ ವೈಫೈಯಲ್ಲಿ ಕೂತು ಮಾಡಬಾರದ್ದನ್ನು ಮಾಡುವವನು ಆ ಮನೆಯವರನ್ನು ಈ ಸ್ಥಿತಿಗೆ ನೂಕುತ್ತಿರುತ್ತಾನೆ. ಡೇಟಾ ಎಷ್ಟು ಖರ್ಚಾಯಿತು ಎಂಬುದು ಇದರ ಮುಂದೆ ಲೆಕ್ಕಕ್ಕೇ ಅಲ್ಲ.

ಹೊರದೇಶಗಳು ಇದನ್ನು ಒಂದೇ ರೀತಿ ನೋಡಿಲ್ಲ. ಲಂಡನ್ನಿನ ಪಶ್ಚಿಮ ಭಾಗದ ಒಬ್ಬನಿಗೆ 2005ರಲ್ಲಿ ಬೇರೆಯವರ ವೈಫೈ ಬಳಸಿದ್ದಕ್ಕೆ 500 ಪೌಂಡ್ ದಂಡ ಬಿತ್ತು. ಸಿಂಗಪುರದಲ್ಲಿ 17 ವರ್ಷದ ಹುಡುಗನೊಬ್ಬ 2007ರ ಆರಂಭದಲ್ಲಿ 18 ತಿಂಗಳ ನಿಗಾಕ್ಕೆ ಒಳಗಾದ. ಅಮೆರಿಕದ ಮಿಶಿಗನ್ ರಾಜ್ಯದ ಸ್ಪಾರ್ಟಾ ಎಂಬ ಸಣ್ಣ ಊರಿನಲ್ಲಿ ದಿನಾ ಮಧ್ಯಾಹ್ನ ಕೆಫೆಯ ಹೊರಗೆ ಕಾರಿನಲ್ಲಿ ಕೂತು ಮೇಲ್ ನೋಡುತ್ತಿದ್ದವನಿಗೆ 2007ರಲ್ಲಿ 400 ಡಾಲರ್ ದಂಡ ಹಾಕಿದರು. ಕೆಫೆಯ ಒಡತಿಗೆ ಅದು ಅಪರಾಧ ಎಂಬುದೇ ಗೊತ್ತಿರಲಿಲ್ಲ. ಒಡತಿಗೇ ಇಲ್ಲದ ದೂರನ್ನು ಊರಿನ ಪೊಲೀಸರು ಹೊತ್ತು ತಿರುಗಿದ್ದು ನನಗೆ ಅತಿಯೆನಿಸುತ್ತದೆ. ಜರ್ಮನಿಯ ಸರ್ವೋಚ್ಚ ನ್ಯಾಯಾಲಯವಂತೂ 2010ರ ಮೇ 12ರಂದು, ಮನೆಯ ವೈಫೈಗೆ ತಕ್ಕ ಭದ್ರತೆ ಹಾಕುವುದು ಮಾಲೀಕನ ಹೊಣೆ, ಹಾಕದಿದ್ದರೆ ಬೇರೆಯವರು ಅದರ ಮೂಲಕ ಮಾಡಿದ ಹಕ್ಕುಸ್ವಾಮ್ಯ ಉಲ್ಲಂಘನೆಯ ನೋಟಿಸಿನ ಖರ್ಚು ಅವನ ತಲೆಗೆ ಎಂದಿತು. ಜನ ಹೆದರಿ ವೈಫೈ ಹಂಚುವುದನ್ನೇ ಬಿಟ್ಟಾಗ ಅಲ್ಲಿನ ಸಂಸತ್ತು 2017ರಲ್ಲಿ ಆ ಹೊಣೆಯನ್ನು ಬಹುಮಟ್ಟಿಗೆ ಇಳಿಸಬೇಕಾಯಿತು. ಹಂಚಿಕೊಳ್ಳುವುದನ್ನೇ ಅಪಾಯವಾಗಿಸುವ ಕಾನೂನು ಸಮಾಜಕ್ಕೆ ಒಳ್ಳೆಯದಲ್ಲ ಎಂದು ಅವರಿಗೆ ಏಳು ವರ್ಷದಲ್ಲಿ ಅರಿವಾಯಿತು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ನಮ್ಮ ಮೂರು ತಾಲ್ಲೂಕುಗಳ ಜನಕ್ಕೆ ಈ ವಿಚಾರ ಹೊಸದೇನೂ ಅಲ್ಲ. ಸೊಪ್ಪಿನ ಬೆಟ್ಟದ ಮೇಲೆ ಬದುಕಿದ ಸೀಮೆ ಇದು. ಅಡಿಕೆ ತೋಟದ ಎಕರೆಗೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಜಾಗ ಸರಕಾರದ್ದು, ಸೊಪ್ಪು, ದರಕು ತರುವ ಸವಲತ್ತು ತೋಟದವರದು. ಎಷ್ಟೋ ಬೆಟ್ಟಗಳಿಗೆ ಬೇಲಿಯೇ ಇಲ್ಲ. ಹಾಗೆಂದು ಬೇಲಿ ಇಲ್ಲದ ಬೆಟ್ಟ ಯಾರದ್ದೂ ಅಲ್ಲ ಎಂದು ಇಲ್ಲಿ ಯಾರೂ ಹೇಳುವುದಿಲ್ಲ. ಯಾವ ಬೆಟ್ಟ ಯಾರ ಪಾಲಿನದು ಎಂದು ಕೇರಿಗೆಲ್ಲ ಗೊತ್ತು. ಪಕ್ಕದವರ ಬೆಟ್ಟದಲ್ಲಿ ಹಾದು ಹೋಗಬಹುದು, ಬಿದ್ದ ಕಟ್ಟಿಗೆಯ ನಾಲ್ಕು ತುಂಡು ಆಯ್ದುಕೊಂಡರೆ ಯಾರೂ ಕೇಳುವುದಿಲ್ಲ. ಮರಕ್ಕೆ ಕತ್ತಿ ಹಾಕಬೇಕಾದರೆ ಮಾತ್ರ ಒಂದು ಮಾತು ಕೇಳಿಯೇ ಹಾಕಬೇಕು. ಒಡೆತನವೇ ಬೇರೆ, ಬಳಕೆಯ ಹಕ್ಕೇ ಬೇರೆ, ಕೇಳಿ ಪಡೆದ ಸಲುಗೆಯೇ ಬೇರೆ ಎಂಬ ಸೂಕ್ಷ್ಮ ನಮ್ಮ ಹಿರಿಯರಿಗೆ ಕರಾರುಪತ್ರವಿಲ್ಲದೆ ತಿಳಿದಿತ್ತು. ವೈಫೈಯ ವಿಷಯದಲ್ಲಿ ಕಾನೂನು ಕೇಳುವುದೂ ಇಷ್ಟನ್ನೇ.

ಇಷ್ಟು ಹೇಳಿ, 'ಹಾಗಾದರೆ ಕೇಳಿ ಬಳಸಿ' ಎಂದು ಕೈತೊಳೆದುಕೊಳ್ಳುವುದು ಸುಲಭ. ಕಷ್ಟ ಇರುವುದು ಅಲ್ಲಿಂದ ಮುಂದೆ.

ಕೇಳುವುದು ಎಲ್ಲರಿಗೂ ಒಂದೇ ಸಲೀಸಲ್ಲ. ಸರೀಕರ ಮನೆಗೆ ಹೋದ ನೆಂಟ ಆಸರಿಗೆ ಕುಡಿದು ಲೋಟ ಕೆಳಗಿಡುವ ಮೊದಲೇ ಪಾಸ್‌ವರ್ಡ್ ಕೇಳುತ್ತಾನೆ. ಮನೆಯವರೂ ನಗುತ್ತ ಹೇಳುತ್ತಾರೆ. ಅದೇ ಮನೆಯ ತೋಟಕ್ಕೆ ಕೊನೆ ಕೊಯ್ಯಲು ಬರುವವನ ಮಗಳಿಗೆ ಪಿಯುಸಿಯ ಪಾಠ ನೋಡಬೇಕಾಗಿದೆ. ಅವಳು ಕೇಳುತ್ತಾಳೆಯೇ? ಯಲ್ಲಾಪುರದ ಕಾಡಂಚಿನ ಸಿದ್ದಿ ಕೇರಿಯ ಹುಡುಗ ಊರಿನ ದೊಡ್ಡ ಮನೆಯ ಜಗುಲಿ ಹತ್ತಿ ಕೇಳುತ್ತಾನೆಯೇ? ಅಪ್ಪ ಅಲ್ಲಿ ಮುಂಗಡ ತಂದಿದ್ದರೆ ಕೇಳುವುದು ಇನ್ನೂ ಕಷ್ಟ. ಅವರು ಅಂಗಳದಾಚೆಯ ದಣಪೆಯ ಹತ್ತಿರ ನಿಂತು, ಸಿಕ್ಕಷ್ಟು ಸಿಗ್ನಲ್ಲಿನಲ್ಲಿ ಕೆಲಸ ಮುಗಿಸಿಕೊಂಡು ಹೋಗುತ್ತಾರೆ. ಕಾನೂನಿನ ಅಳತೆಗೋಲಿನಲ್ಲಿ ನೆಂಟ ಸರಿ, ಈ ಮಕ್ಕಳು ತಪ್ಪು. ನನಗೆ ಆ ಅಳತೆಗೋಲು ಇಲ್ಲಿ ಸಾಕಾಗುವುದಿಲ್ಲ.

2020ರ ಮಳೆಗಾಲವನ್ನು ನೆನಪಿಸಿಕೊಳ್ಳಬೇಕು. ಶಾಲೆ-ಕಾಲೇಜು ಮುಚ್ಚಿ ಪಾಠ ಮೊಬೈಲಿಗೆ ಬಂದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಸಿಗುವ ಗುಡ್ಡದ ತುದಿ ಹುಡುಕಿ, ಪ್ಲಾಸ್ಟಿಕ್ ಹೊದಿಸಿ ಮಾಡು ಕಟ್ಟಿಕೊಂಡು ಕೂತರು. ಕೊಡೆ ಹಿಡಿದು ನಿಂತ ತಂದೆತಾಯಂದಿರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಅದೇ ಹೊತ್ತಿಗೆ ಬೆಂಗಳೂರಿನಿಂದ ಊರಿಗೆ ಮರಳಿದ ಸಾಫ್ಟ್‌ವೇರ್ ಮಕ್ಕಳಿಗಾಗಿ ಮನೆಮನೆಗೆ ಫೈಬರ್ ಎಳೆಸುವ ಓಡಾಟ ನಡೆದಿತ್ತು. ಒಂದೇ ಕೇರಿಯಲ್ಲಿ ಇವೆರಡೂ ನಡೆದವು. ಎಷ್ಟೋ ಮನೆಯವರು ಕರೆದು ಕೂರಿಸಿಕೊಂಡರು, ಮಕ್ಕಳಿಗೆ ಚಹಾ ಕೊಟ್ಟರು. ಕರೆಯದ ಮನೆಗಳೂ ಇದ್ದವು. ಹಿಂದಿನ ವರ್ಷವೇ, 2019ರ ಸೆಪ್ಟೆಂಬರ್ 19ರಂದು, ಕೇರಳ ಹೈಕೋರ್ಟು ಫಹೀಮಾ ಶಿರಿನ್ ಪ್ರಕರಣದಲ್ಲಿ ಇಂಟರ್ನೆಟ್ ಬಳಕೆಯ ಹಕ್ಕು ಶಿಕ್ಷಣದ ಹಕ್ಕಿನ ಭಾಗ ಎಂದು ಹೇಳಿತ್ತು. ಆ ಹಕ್ಕು ಇರುವುದು ಸರಕಾರದ ಎದುರು, ನೆರೆಮನೆಯವರ ಎದುರಲ್ಲ. ಆದರೆ ಸರಕಾರದ ಟವರು ಗುಡ್ಡ ಹತ್ತಿ ಬರುವವರೆಗೆ ಮಗು ಕಾಯಲಾರದು.

ಆದ್ದರಿಂದ ಕೇಳುವ ಹೊಣೆಗಿಂತ ಕೊಡುವ ಹೊಣೆ ದೊಡ್ಡದು ಎಂದು ನಾನು ನಂಬುತ್ತೇನೆ. ಫೈಬರ್ ಇದ್ದವರೇ ಮುಂದಾಗಿ 'ಬಳಸಿಕೊಳ್ಳಿ' ಎನ್ನಬೇಕು. ಆ ಒಂದು ಮಾತಿನಿಂದ 43ನೇ ಸೆಕ್ಷನ್ನಿನ ಪ್ರಶ್ನೆಯೇ ಬಿದ್ದುಹೋಗುತ್ತದೆ, ದಣಪೆಯ ಹತ್ತಿರ ನಿಂತವರು ತಲೆತಗ್ಗಿಸಬೇಕಾಗಿಲ್ಲ. ರೌಟರನ್ನು ತೆರೆದಿಟ್ಟು ಸುಮ್ಮನಿರುವುದು ಇದಕ್ಕೆ ಸಮನಲ್ಲ. ತೆರೆದಿಟ್ಟವರು ಉದಾರಿಯೋ ಮರೆತವರೋ ಯಾರಿಗೂ ತಿಳಿಯದು. ಅಪಾಯ ಬಂದಾಗ ಯಾರು ಬಳಸಿದ್ದರೆಂದು ಅವರಿಗೂ ತಿಳಿಯದು.

ಮಾಡುವ ಕ್ರಮವಿದೆ, ಕಷ್ಟವೂ ಇಲ್ಲ. ಈಗಿನ ಬಹುತೇಕ ರೌಟರುಗಳಲ್ಲಿ ಅತಿಥಿ ಜಾಲ ಎಂಬ ಇನ್ನೊಂದು ಹೆಸರು ತೆರೆಯಬಹುದು. ಅದಕ್ಕೆ ಬೇರೆ ಪಾಸ್‌ವರ್ಡ್. ಅದರಲ್ಲಿ ಬಂದವರಿಗೆ ಇಂಟರ್ನೆಟ್ ಸಿಗುತ್ತದೆ, ನಿಮ್ಮ ಕಂಪ್ಯೂಟರು, ಸಿಸಿಟಿವಿ ಕ್ಯಾಮೆರಾ ಕಾಣುವುದಿಲ್ಲ. ವೇಗಕ್ಕೆ ಮಿತಿ ಹಾಕುವ, ರಾತ್ರಿ ತಾನಾಗಿ ನಿಲ್ಲಿಸುವ ಸೌಲಭ್ಯವೂ ಹಲವದರಲ್ಲಿದೆ. ಮನೆಯ ಜಾಲಕ್ಕೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಭದ್ರತೆ ಇರಲಿ. ಹಳೆಯ ಡಬ್ಲ್ಯುಇಪಿ 2001ರಲ್ಲೇ ಮುರಿದು ಬಿದ್ದದ್ದು. ಒಂದರಿಂದ ಎಂಟರವರೆಗಿನ ಅಂಕಿ, ಸ್ವಂತ ಮೊಬೈಲ್ ಸಂಖ್ಯೆ ಪಾಸ್‌ವರ್ಡ್ ಆಗಲಾರವು. ಕೊಟ್ಟ ಪಾಸ್‌ವರ್ಡನ್ನು ಆಗಾಗ ಬದಲಿಸಿ, ಬದಲಿಸಿದ್ದನ್ನು ಬೇಕಾದವರಿಗೆ ತಿಳಿಸಿ. ಮೊಬೈಲಿನಿಂದ ಮೊಬೈಲಿಗೆ ಕ್ಯೂಆರ್ ಚಿತ್ರದ ಮೂಲಕ ಅದು ಕ್ಷಣದಲ್ಲಿ ದಾಟಿಕೊಳ್ಳುತ್ತದೆ; ನೀವು ಒಬ್ಬರಿಗೆ ಕೊಟ್ಟದ್ದು ವಾರದೊಳಗೆ ಹತ್ತು ಜನರಲ್ಲಿರುತ್ತದೆ. ಬಳಸುವವರಿಗೂ ಎಚ್ಚರ ಬೇಕು. ಗುರುತಿಲ್ಲದ ತೆರೆದ ವೈಫೈ ಯಾರೋ ಬೇಕೆಂದೇ ಹಾಸಿದ ಬಲೆಯಾಗಿರಬಹುದು, ಅದರಲ್ಲಿ ಬ್ಯಾಂಕಿನ ಕೆಲಸ ಬೇಡ.

ಮನೆಯ ಸಂಪರ್ಕವನ್ನು ಅಕ್ಕಪಕ್ಕದವರಿಗೆ ದುಡ್ಡು ಪಡೆದು ಹಂಚುವ ಪದ್ಧತಿ ಮಾತ್ರ ಬೇರೆ ವಿಚಾರ. ಗ್ರಾಹಕ ಒಪ್ಪಂದಗಳು ಸಾಮಾನ್ಯವಾಗಿ ಮರುಮಾರಾಟವನ್ನು ಒಪ್ಪುವುದಿಲ್ಲ. ಅದಕ್ಕೆ ಕಾನೂನಿನೊಳಗೇ ಒಂದು ಬಾಗಿಲು ತೆರೆದಿದೆ, ನಮ್ಮ ಕಡೆ ಅದನ್ನು ದಾಟಿದವರು ಕಡಿಮೆ. 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಕಿರಾಣಿ ಅಂಗಡಿ, ಚಹಾದಂಗಡಿ, ಯಾರು ಬೇಕಾದರೂ ಸಾರ್ವಜನಿಕ ಡೇಟಾ ಕಚೇರಿಯಾಗಬಹುದು. ಅದಕ್ಕೆ ಲೈಸೆನ್ಸ್ ಬೇಡ, ನೋಂದಣಿ ಬೇಡ, ಶುಲ್ಕ ಇಲ್ಲ. ಬಳಸುವವರು ಆ್ಯಪಿನಲ್ಲಿ ಮೊಬೈಲ್ ಸಂಖ್ಯೆಯಿಂದ ಗುರುತು ದೃಢಪಡಿಸಬೇಕು. ಪೇಟೆಗೆ ಹೋದಾಗಲೇ ಅದನ್ನು ಮುಗಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಒಟಿಪಿಗೂ ಸಿಗ್ನಲ್ ಬೇಕಲ್ಲ. ಯಾರು ಯಾವಾಗ ಬಳಸಿದರು ಎಂಬ ದಾಖಲೆ ಇಡುವ ಹೊಣೆ ಇಂಥ ಕಚೇರಿಗಳನ್ನು ಹಿಂದಿನಿಂದ ಒಟ್ಟುಗೂಡಿಸುವ ಸಂಸ್ಥೆಯದು. ಅಂಗಡಿಯವರ ತಲೆಯ ಮೇಲಲ್ಲ. ಇಂಥ ಕಚೇರಿಗಳಿಗೆ ಕಂಪನಿಗಳು ದುಬಾರಿ ವಾಣಿಜ್ಯ ದರ ಹಾಕುತ್ತಿದ್ದವು ಎಂಬ ದೂರು ಬಹಳ ಇತ್ತು. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, 200 ಎಂಬಿಪಿಎಸ್‌ವರೆಗಿನ ಫೈಬರ್ ಸಂಪರ್ಕಕ್ಕೆ ಮನೆಯ ದರದ ಎರಡು ಪಟ್ಟಿಗಿಂತ ಹೆಚ್ಚು ಪಡೆಯಬಾರದು ಎಂದು ಮಿತಿ ಹಾಕಿದೆ.

ಶಿರಸಿ ಸೀಮೆಗೆ ಇದು ಹೇಳಿ ಮಾಡಿಸಿದಂತಿದೆ. ತೋಟಗಾರರು ಕೂಡಿ 1923ರಲ್ಲಿ ಸಹಕಾರಿ ಮಾರಾಟ ಸಂಘವಾದ ಟಿಎಸ್‌ಎಸ್ ಕಟ್ಟಿದ ನಾಡು ಇದು. ಇಂದು ಊರೂರಿಗೆ ಸೇವಾ ಸಹಕಾರಿ ಸಂಘವಿದೆ, ಅದಕ್ಕೆ ಕಟ್ಟಡವಿದೆ, ಕಂಪ್ಯೂಟರು ನಡೆಸಲು ಇಂಟರ್ನೆಟ್ ಹೇಗೂ ಬೇಕೇ ಬೇಕು. ಅದೇ ಕಟ್ಟಡದಲ್ಲಿ ಪಿಎಂ-ವಾಣಿಗೆ ಒಂದು ಸಂಪರ್ಕ, ಮಳೆಗಾಲಕ್ಕೆ ತಡೆಯುವ ಬ್ಯಾಟರಿ, ಸಂಜೆ ತೆರೆದಿರುವ ಜಗುಲಿ, ನಾಲ್ಕು ಬೆಂಚು ಇದ್ದರೆ ಕೂಲಿಯವರ ಮಗಳೂ ಹೆಗಡೆಯವರ ಮಗನೂ ಒಂದೇ ಕಡೆ ಕೂತು ಅರ್ಜಿ ತುಂಬಬಹುದು. ಯಾರ ಮನೆಯ ದಣಪೆಯನ್ನೂ ದಾಟಬೇಕಾಗಿಲ್ಲ. ಸಂಘಗಳ ವಾರ್ಷಿಕ ಸಭೆಗಳು ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತವೆ. ಗೊಬ್ಬರದ ದರ, ಸಾಲದ ಬಡ್ಡಿಯ ಚರ್ಚೆಯ ನಡುವೆ ಸದಸ್ಯರು ಈ ವಿಷಯವನ್ನೂ ಎತ್ತಿ, ಠರಾವು ಬರೆಸಿ, ಮುಂದಿನ ಮಳೆ ಹಿಡಿಯುವುದರೊಳಗೆ ತಂತಿ ಎಳೆಸಬೇಕು.